ಅಣಬೆ ಹವಳಕ್ಕೆ ಮಾವನ ನೀಲಿ ಗಾಜು

ಗೆಳೆಯರೇ, ಇವತ್ತು ಬೆಳಿಗ್ಗೆ ಶಿವಮೊಗ್ಗದ ಅಕ್ವೇರಿಯಂ ಅಂಗಡಿಯವನಿಗೆ ಫೋನಿನಲ್ಲೇ ಚೆನ್ನಾಗಿ ಬೈದೆ. ನಿನ್ನೆ ಅವನ ತೊಟ್ಟಿಯಲ್ಲಿ ಕೆಂಡದಂತೆ ಹೊಳೆಯುತ್ತಿದ್ದ ಅಣಬೆ ಹವಳ ಎಂಬ ಕಡಲಜೀವಿ, ಭದ್ರಾವತಿಯ ನಮ್ಮ ಮನೆಯ ಉಪ್ಪುನೀರಿನ ತೊಟ್ಟಿಗೆ ಬಂದ ಮೇಲೆ ಬೇಯಿಸಿದ ಅಣಬೆಯ ಹಾಗೆ ಕಂದು ಬಣ್ಣಕ್ಕೆ ತಿರುಗಿ ಕೂತಿತ್ತು.

"ಬಣ್ಣ ಹಚ್ಚಿ ಮಾರ್ತೀರೇನ್ರೀ?"

"ಇಲ್ಲ ಮೇಡಂ, ನಮ್ಮಲ್ಲಿ ನೀಲಿ ಲೈಟು, ನಿಮ್ಮಲ್ಲಿ ಬಿಳಿ. ಅಷ್ಟೇ ವ್ಯತ್ಯಾಸ."

"ಕಥೆ ಹೇಳ್ಬೇಡಿ" ಎಂದು ಫೋನ್ ಇಟ್ಟು, ಹವಳ ವಾಪಸ್ ಕೊಡಲು ಡಬ್ಬಿ ತೆಗೆದೆ. ಉಕ್ಕಿನ ಕುಲುಮೆಯ ಮುಂದೆಯೇ ಕೆಲಸ ಮಾಡಿ ನಿವೃತ್ತರಾದ ನನ್ನ ಮಾವ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಕುಲುಮೆಯೊಳಗೆ ಇಣುಕಲು ಬಳಸುತ್ತಿದ್ದ ನೀಲಿ ಗಾಜನ್ನು ಟ್ರಂಕಿನಿಂದ ತಂದರು.

"ಮೊದ್ಲು ಲೈಟ್ ಆರ್ಸು ಮಾರಾಯ್ತಿ, ಬೈಯೋದು ಆಮೇಲೆ."

ಕಿಟಕಿ ಮುಚ್ಚಿ, ಟಾರ್ಚಿಗೆ ಗಾಜು ಅಡ್ಡ ಹಿಡಿದರು. ಹವಳದ ಕೆಂಡ ಮತ್ತೆ ಹೊತ್ತಿಕೊಂಡಿತು!

ಅಂಗಡಿಯವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಬಿಡಿ ಮೇಡಂ, ಹೊಸಬ್ರೆಲ್ಲ ಬೈತಾರೆ" ಎಂದು ನಕ್ಕ, ಪುಣ್ಯಾತ್ಮ.

ಯುಗಾದಿಗೆ ಮನೆ ಕ್ಲೀನ್ ಮಾಡುವಾಗ "ಆ ಗಾಜು ಗುಜರಿಗೆ ಹಾಕಿ ಮಾವ" ಎಂದು ಮೂರು ಸಲ ಹೇಳಿದವಳು ನಾನೇ. ಅವರು ಸೊಸೆಯ ಮಾತು ಕೇಳುವುದೇ ಇಲ್ಲ ಎಂದು ಊರಿಗೆಲ್ಲ ದೂರು ಹೇಳಿದ್ದೆ. ಕೇಳದೇ ಇದ್ದುದಕ್ಕೆ ಇವತ್ತು ಕೈಮುಗಿದೆ.