ಮಸ್ಕತ್ತಿನಲ್ಲಿ ಬೆಳಕು ಹಿಡಿದವಳು

ಭಾನುವಳ್ಳಿಯ ಹನುಮಂತಪ್ಪನ ಮಗಳು ಆಶಾ ದಾವಣಗೆರೆಯ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದಳು. ಮೂವತ್ತು ದಾಟಿತ್ತು. ಮದುವೆಯ ಮಾತು ಮನೆಯಲ್ಲಿ ತಾನಾಗಿಯೇ ನಿಂತುಹೋಗಿತ್ತು. ಅದಕ್ಕಾಗಿ ಅವಳೇನೂ ಕೊರಗಿರಲಿಲ್ಲ. ೧೯೯೭ರ ಬೇಸಿಗೆಯಲ್ಲಿ ಮಸ್ಕತ್ತಿನಿಂದ ರಜೆಗೆ ಬಂದಿದ್ದ ಮೆಹರ್ ಬಾನು ಬಟ್ಟೆ ಹೊಲಿಸಲು ಆ ಅಂಗಡಿಗೆ ಬಂದಳು. ಮಸ್ಕತ್ತಿನ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸರು ಕಾಲಿಡುವಂತಿಲ್ಲ. ಆ ಕಡೆಯ ಫೋಟೊಗಳನ್ನು ತೆಗೆಯುವುದೇ ಮೆಹರ್ ಬಾನುವಿನ ಕಸುಬು. ಜೊತೆಗೊಬ್ಬ ಹೆಂಗಸು ಬೇಕಾಗಿತ್ತು.

“ನಾನು ಕ್ಯಾಮರಾ ಮುಟ್ಟಿದೋಳೇ ಅಲ್ಲಕ್ಕಾ,” ಎಂದಳು ಆಶಾ.

“ಮುಟ್ಟೋದು ನಾನು. ನೀನು ಲೈಟ್ ಹಿಡಿದ್ರೆ ಸಾಕು. ನಿನ್ನ ಕೈ ನಡುಗಂಗಿಲ್ಲ, ಕಾಜಾ ಹಾಕೋದು ನೋಡೀನಿ.”

ಆಶಾಳ ಅವ್ವ ಅಂಜಿನವ್ವ ಕೇಳಿದ್ದು ಒಂದೇ. “ಅಲ್ಲಿ ರೊಟ್ಟಿ ಸಿಗತಾವೇನು?”

“ಹಿಟ್ಟು ಸಿಗತೈತ್ರಿ ಅವ್ವಾ. ಬಡಿಯಾಕ ನಿಮ್ಮ ಮಗಳು ಇರ್ತಾಳಲ್ಲ.”

ಮಸ್ಕತ್ತಿಗೆ ಬಂದಿಳಿದಾಗ ಕನ್ನಡ ಮತ್ತು ಬಜಾರಿನ ಅರೆಬರೆ ಉರ್ದು ಬಿಟ್ಟರೆ ಆಶಾಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಅರಬ್ಬಿಯಲ್ಲಿ ಮೊದಲು ಕಲಿತದ್ದು ಎರಡು ಮಾತು: ‘ಸೂರಾ’ ಅಂದರೆ ಫೋಟೊ, ‘ಮಾಫಿ’ ಅಂದರೆ ಇಲ್ಲ. ಉಳಿದದ್ದಕ್ಕೆಲ್ಲ ನಗು, ಕೈಸನ್ನೆ. ಬಲಕ್ಕೆ ಸರಿ ಎಂದರೆ ಎಡಕ್ಕೆ ಸರಿಯುತ್ತಿದ್ದಳು. ದೀಪದ ಬಿಳಿ ಕೊಡೆಯನ್ನು ಮುದುಕಿಯೊಬ್ಬಳ ನೆತ್ತಿಗೆ ತಾಗಿಸಿ ಬೈಸಿಕೊಂಡಳು. ಬೈಗುಳ ಅರ್ಥವಾಗದ್ದರಿಂದ ಬೇಜಾರೂ ಆಗಲಿಲ್ಲ.

ಒಂದು ಮಧ್ಯಾಹ್ನ ಮದರಂಗಿ ಶಾಸ್ತ್ರವಿತ್ತು. ಫೋಟೊಗಳೆಲ್ಲ ಮುಗಿದ ಮೇಲೆ ಮೆಹರ್ ಬಾನು ರೀಲು ಬದಲಿಸಲು ಕ್ಯಾಮರಾವನ್ನು ಆಶಾಳ ಕೈಗಿತ್ತು, ಇನ್ನೊಂದು ಕ್ಯಾಮರಾ ಹಿಡಿದು ಊಟದ ಕೋಣೆಗೆ ಹೋದಳು. ಆಶಾ ರೀಲನ್ನು ಹಿಂದಕ್ಕೆ ಸುತ್ತದೆಯೇ ಮುಚ್ಚಳ ತೆರೆದುಬಿಟ್ಟಳು. ಬೆಳಕು ಬಿದ್ದು ತೆಗೆದ ಫೋಟೊಗಳೆಲ್ಲ ಹಾಳಾದವು.

ನೆಂಟರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಮೆಹರ್ ಬಾನು ಬರಲೆಂದು ಕಾಯುವಂತಿರಲಿಲ್ಲ. ಆಶಾ ನೇರವಾಗಿ ಮದುಮಗಳ ತಾಯಿಯ ಮುಂದೆ ಹೋಗಿ, ಜೋತಾಡುವ ರೀಲನ್ನು ಎತ್ತಿ ತೋರಿಸಿ, ತನ್ನ ಎದೆಯನ್ನು ಮುಟ್ಟಿಕೊಂಡು, “ಸೂರಾ ಮಾಫಿ,” ಎಂದಳು.

ಆ ತಾಯಿ ರೀಲು ನೋಡಿದಳು, ಇವಳ ಮುಖ ನೋಡಿದಳು. ಆಮೇಲೆ ಸೋಫಾದ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೂಗಿ ಎಲ್ಲರನ್ನೂ ವಾಪಸು ಕರೆದಳು. ಈ ಸಲ ಯಾರೂ ಬಿಗಿದುಕೊಂಡು ಕೂರಲಿಲ್ಲ. ದಣಿದ ಮದುಮಗಳು ಅಜ್ಜಿಯ ಭುಜಕ್ಕೊರಗಿದಳು, ಅತ್ತಿಗೆಯರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಓಡಿಬಂದ ಮೆಹರ್ ಬಾನು ಒಂದರ ಮೇಲೊಂದು ಫೋಟೊ ತೆಗೆಯುತ್ತಾ ಹೋದಳು. ಆ ಫೋಟೊಗಳನ್ನು ಕಂಡು ಮದುಮಗಳ ಮನೆಯವರು ಮದುವೆಗೂ ಇವರೇ ಬೇಕೆಂದರು.

“ನಾನಾಗಿದ್ರೆ ಏನೋ ಒಂದು ಸುಳ್ಳು ಹೇಳ್ತಿದ್ದೆ,” ಎಂದಳು ಮೆಹರ್ ಬಾನು, ಕಾರಿನಲ್ಲಿ. “ನಾಳಿಂದ ನೀನೂ ಕ್ಯಾಮರಾ ಹಿಡಿಯೋದು ಕಲಿ.”

ಆಶಾ ಕಲಿತಳು. ೧೯೯೯ರಲ್ಲಿ ಊರಿಗೆ ಮರಳಿ ಹರಿಹರದ ರೈಲ್ವೆ ಸ್ಟೇಷನ್ ಹತ್ತಿರ ಸ್ಟುಡಿಯೊ ತೆರೆದಳು. ನಂದಿಗುಡಿ ಬಸ್ಸಿನಲ್ಲಿ ಹೆಂಗಸರು ಬರುತ್ತಿದ್ದರು; ಫೋಟೊ ಆದಮೇಲೂ ಕೂತು ಹರಟುತ್ತಿದ್ದರು. ಅಪ್ಪ ಹನುಮಂತಪ್ಪ ಮಾತ್ರ ಕ್ಯಾಮರಾ ಕಂಡೊಡನೆ ಉಸಿರು ಬಿಗಿಹಿಡಿಯುತ್ತಿದ್ದ.

“ಅಪ್ಪಾ, ಈ ಸಲ ಭತ್ತ ಹೆಂಗೈತೆ?” ಎಂದು ಒಂದು ದಿನ ಕ್ಯಾಮರಾ ಹಿಡಿದುಕೊಂಡೇ ಕೇಳಿದಳು ಆಶಾ.

ಅವನು ಕಾಲುವೆ ನೀರಿನಿಂದ ಶುರುಮಾಡಿದ. ತೆನೆಯ ಉದ್ದವನ್ನು ಕೈಯಗಲಿಸಿ ತೋರಿಸುವ ಹೊತ್ತಿಗೆ ಅವಳು ಗುಂಡಿ ಒತ್ತಿದಳು.