ತುದಿಯ ಸಕ್ಕರೆ

ಅಕ್ಕನಿಗೆ ಕಿಡ್ನಿ ಕೊಡುವವನು ನಾನೇ ಎಂದು ಮನೆಯಲ್ಲಿ ತೀರ್ಮಾನವಾದಾಗ ರಕ್ತದ ಗುಂಪು ಯಾವುದೆಂದು ಯಾರೂ ಕೇಳಲಿಲ್ಲ. ಬಾಗಲಕೋಟೆ ಕಡೆಯ ನಮ್ಮಲ್ಲಿ ಸೋದರಸಂಬಂಧ ಬಿಟ್ಟು ಹೊರಗೆ ಹೆಣ್ಣು ತಂದದ್ದೇ ಕಡಿಮೆ; ಅವ್ವ ಅಪ್ಪನಿಗೆ ಸೋದರತ್ತೆಯ ಮಗಳು. ರಕ್ತವೆಲ್ಲ ಮನೆಯೊಳಗೇ ಸುತ್ತಿರುವಾಗ ಹೊಂದದೆ ಹೋಗುವುದುಂಟೆ? ಸಿಕಂದರಾಬಾದಿನ ಆಸ್ಪತ್ರೆಯ ಡಾಕ್ಟರಮ್ಮನಿಗೂ ಹೆಮ್ಮೆಯಿಂದ ಇದನ್ನೇ ಹೇಳಿದೆ. ಅವರು ಪರೀಕ್ಷೆ ಮಾಡಿಸಿದರು. ನನ್ನದು ಎ, ಅಕ್ಕನದು ಓ.

ತೆಲುಗು ಬೆರೆಸಿದ ಹಿಂದಿಯಲ್ಲಿ ಅವರು ಬಿಡಿಸಿ ಹೇಳಿದರು. ಜೀವಕೋಶಗಳ ಮೈಮೇಲೆ ಸಕ್ಕರೆಯ ಪುಟ್ಟ ಸರಪಳಿಗಳಿರುತ್ತವೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಅದರ ದೂರದ ಬೀಗರು. ಅಕ್ಕನ ಸರಪಳಿಗಿಂತ ನನ್ನದರ ತುದಿಯಲ್ಲಿ ಒಂದೇ ಒಂದು ಸಕ್ಕರೆ ಹೆಚ್ಚು. ಅವಳ ರೋಗನಿರೋಧಕ ಕೋಶಗಳಲ್ಲಿ ಕೆಲವಕ್ಕೆ ಆ ತುದಿಯ ಆಕಾರಕ್ಕೇ ಸರಿಯಾಗಿ ಕೂಡುವ ಗ್ರಾಹಕಗಳಿವೆ. ಅವು ತಡವಿ ನೋಡಿ, ಇದು ನಮ್ಮದಲ್ಲ ಎಂದು ಗುರುತು ಹಿಡಿದರೆ ಸಾಕು, ಪ್ರತಿಕಾಯಗಳು ಹೊರಟು ಕಿಡ್ನಿಯನ್ನೇ ಕೆಡಿಸುತ್ತವೆ. ಆದರೂ ದಾರಿಯಿದೆ ಎಂದರು: ಆ ಕೋಶಗಳನ್ನು ಔಷಧಿಯಿಂದ ತಗ್ಗಿಸಿ, ರಕ್ತದೊಳಗಿನ ಪ್ರತಿಕಾಯಗಳನ್ನು ಸೋಸಿ ತೆಗೆದು, ಮಟ್ಟ ಇಳಿದ ಮೇಲೆ ಆಪರೇಷನ್.

ಮಟ್ಟ ಇಳಿಯಲು ಸತಾಯಿಸಿತು. ನಾನಿದ್ದ ಕೂಕಟ್‌ಪಲ್ಲಿಯಿಂದ ಆಸ್ಪತ್ರೆಗೆ ಹೋಗುವ ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ಗ್ರಾಹಕಗಳ ಚಿತ್ರ ನೋಡುತ್ತ, ಇಳಿಯದಿದ್ದರೆ ಅಕ್ಕನ ಗತಿಯೇನು, ಇಳಿದರೆ ನನ್ನ ಗತಿಯೇನು ಎಂದು ಎರಡಕ್ಕೂ ಬೆವರುತ್ತಿದ್ದೆ. ಡಯಾಲಿಸಿಸ್ ಹಾಸಿಗೆಯಲ್ಲಿದ್ದ ಅಕ್ಕ ನನ್ನನ್ನು ನೋಡಿ, "ಕಿಡ್ನಿ ಹೋಗಿದ್ದು ನಂದು. ನಿನ್ನ ಮಾರಿ ಯಾಕ ಬಾಡೈತೋ ತಮ್ಮಾ?" ಎಂದಳು.

ಕೊನೆಗೆ ಇಳಿಯಿತು. ಆಪರೇಷನ್ನೂ ಆಯಿತು, ಕಿಡ್ನಿ ಹೊಸ ಮನೆಯಲ್ಲಿ ಕೆಲಸ ಶುರು ಮಾಡಿತು. ನಾನು ನೆಮ್ಮದಿಯಾಗಿರಲು ಕಲಿಯುವಷ್ಟರಲ್ಲಿ ಒಂದು ವರದಿ ಬಂತು: ಪ್ರತಿಕಾಯಗಳು ಮತ್ತೆ ತುಸು ಏರಿವೆ.

ಅಕ್ಕನನ್ನು ಕರೆದುಕೊಂಡು ಡಾಕ್ಟರಮ್ಮನಲ್ಲಿಗೆ ಓಡಿದೆ. ಅವರೋ ನಿರಾಳವಾಗಿದ್ದರು. ಸಕ್ಕರೆ ಅಲ್ಲೇ ಇದೆ, ಅದನ್ನು ಗುರುತು ಹಿಡಿಯುವವೂ ವಾಪಸಾಗಿವೆ. ಆದರೆ ಮೊದಲ ಕೆಲವು ವಾರ ದಾಟಿದ ಕಿಡ್ನಿ ಎಷ್ಟೋ ಜನರಲ್ಲಿ ಇವುಗಳ ನಡುವೆಯೇ ಬಾಳುತ್ತದೆ, ಹೇಗೆಂದು ಪೂರ್ತಿ ತಿಳಿದಿಲ್ಲ ಎಂದರು. ಅಕ್ಕನ ಕಿಡ್ನಿಯ ಬೇರೆಲ್ಲ ವರದಿಗಳೂ ಚೆನ್ನಾಗಿದ್ದವು. ಕಣ್ಣಿಟ್ಟಿರೋಣ, ಅಷ್ಟೇ.

ಪಕ್ಕದಲ್ಲಿದ್ದ ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ.

"ಅಂದ್ರ ಹೊರಗಿನದು ಅಂತ ನನ್ನ ಮೈಗೆ ಗೊತ್ತೈತಿ. ಇದ್ರ ಇರಲಿ ಬಿಡು ಅನ್ನಾಕತ್ತೈತಿ."

ಹೆಚ್ಚುಕಡಿಮೆ ಹಾಗೇ ಎಂದೆ.

"ನಿನ್ನ ಕಿಡ್ನಿ ಬಂದಾಗಿಂದ ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ನಿನ್ನಂಗ ನಾನೂ ರಾತ್ರಿ ಎದ್ದೆದ್ದು ನೋಡಾಕತ್ತೀನಿ. ಅದಕ್ಕೇನರ ಔಷಧ ಐತೇನು ಕೇಳು."

ನಾನು ಕೇಳಲಿಲ್ಲ. ಹೊರಗೆ ಬಂದಾಗ, ಹಿಡಿಯಲು ಚಾಚಿದ ನನ್ನ ಕೈ ಸರಿಸಿ ಅಕ್ಕ ಒಬ್ಬಳೇ ಮೆಟ್ಟಿಲಿಳಿದಳು. ನಾನು ಲಿಫ್ಟಿನಲ್ಲಿ ಬಂದೆ.