ಮಗಳು ಅಮೆರಿಕವಾದ ಮಧ್ಯಾಹ್ನ

ಪರ್ತ್, ಅಡಿಲೇಡ್, ಆಮೇಲೆ ಬ್ರಿಸ್ಬೇನ್. ಗಂಡನ ಕೆಲಸ ಎಲ್ಲಿಗೆ ಎಳೆದರೆ ಅಲ್ಲಿಗೆ ಗಂಟುಮೂಟೆ ಕಟ್ಟಿದವರು ನಾವು. ಮಗಳಿಗೆ ಅದು ಮೂರನೆಯ ಶಾಲೆ. ಹಿಂದಿನ ಎರಡರಲ್ಲೂ ಯಾವ ನಾಟಕವಾದರೂ ಅವಳಿಗೆ ಹಿಂದಿನ ಸಾಲಿನಲ್ಲಿ ನಿಲ್ಲುವ ಪಾತ್ರ. ಹಾಗಾಗಿ ಅವಳು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಮನೆಗೆ ಬಂದು, ಇತಿಹಾಸದ ತರಗತಿಯಲ್ಲಿ ತಾನು ಅಮೆರಿಕ ಎಂದಾಗ ನನಗೆ ಹಿಗ್ಗೋ ಹಿಗ್ಗು.

ಮೊದಲ ಮಹಾಯುದ್ಧ ಗೆದ್ದವರು ಪ್ಯಾರಿಸ್‌ನಲ್ಲಿ ಶಾಂತಿ ಮಾತುಕತೆ ನಡೆಸಿ ನೂರು ವರ್ಷವಾಗಿತ್ತು. ಅದನ್ನು ಮಕ್ಕಳು ಪೋಷಕರ ಮುಂದೆ ಆಡಿ ತೋರಿಸಬೇಕಿತ್ತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಇಟಲಿ ಅಲ್ಲಿ ದೊಡ್ಡ ತಲೆಗಳು. ಚೀಟಿಯಲ್ಲಿ ಅಮೆರಿಕ ಬಂದದ್ದರಿಂದ ಅಲ್ಲಿನ ಮುಖ್ಯ ಸಮಿತಿಯೊಂದರ ಅಧ್ಯಕ್ಷತೆ ನಮ್ಮವಳದು. ನನ್ನ ಗಂಡನ ಸಂಭ್ರಮ ಕೇಳಬೇಕೆ, ಮೈಸೂರಿನ ಬಂಧುಗಳಿಗೆಲ್ಲ ವಾಟ್ಸಾಪ್ ಮಾಡಿಬಿಟ್ಟರು.

ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತಾ, "ಅಮ್ಮ, ಐ ಡೋಂಟ್ ವಾಂಟ್ ಇಟ್," ಎಂದಳು. ಕಾರಣವನ್ನೂ ಹೇಳಿದಳು. ಎಲ್ಲ ಜನಾಂಗಗಳೂ ಸಮಾನ ಎಂದು ಒಪ್ಪಿಕೊಳ್ಳಿ ಎಂದು ಜಪಾನ್ ಕೇಳುತ್ತದೆ. ಆಸ್ಟ್ರೇಲಿಯಾ ಬಿಲ್‌ಕುಲ್ ಒಪ್ಪುವುದಿಲ್ಲ. ಹೆಚ್ಚಿನವರು ಜಪಾನಿನ ಪರವಾಗಿದ್ದರೂ, ಎಲ್ಲರೂ ಒಪ್ಪಿಲ್ಲವಾದ್ದರಿಂದ ಇದು ಬಿದ್ದುಹೋಯಿತು ಎಂದು ಸಾರುವುದು ಅಧ್ಯಕ್ಷರ ಕೆಲಸ.

"ನಡೆದಿದ್ದನ್ನ ತಾನೇ ಹೇಳ್ತೀಯ? ಇನ್ನೊಂದ್ಸಲ ಈ ಚಾನ್ಸ್ ಕೊಡ್ತಾರೋ ಇಲ್ವೋ. ಸುಮ್ನೆ ಮಾಡ್ಬಿಡು ಪುಟ್ಟಿ," ಎಂದೆ. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ನಾಟಕದ ದಿನ ಮಧ್ಯಾಹ್ನ ಪರಿಚಯದ ಅಂಕಲ್, ಆಂಟಿಯರನ್ನೆಲ್ಲ ಶಾಲೆಗೆ ಕರೆದುಕೊಂಡು ಹೋದೆವು. ಬೇರೆ ಪೋಷಕರು ಒಬ್ಬೊಬ್ಬರೇ ಬಂದಿದ್ದರೆ ನಮ್ಮದು ಮದುವೆ ದಿಬ್ಬಣ. ಜಪಾನ್ ಆಗಿದ್ದವಳು ಕೆನ್ನೆ ತುಂಬ ಕಂದು ಚುಕ್ಕೆಗಳಿದ್ದ ಬಿಳಿ ಹುಡುಗಿ. ಪಾಪ, ಮನಸಾರೆ ಸಮಾನತೆ ಕೇಳಿದಳು. ನನ್ನ ಮಗಳು, ನನ್ನದೇ ಬಣ್ಣದವಳು, ಎದ್ದು ನಿಂತು ಆಗುವುದಿಲ್ಲ ಎಂದಳು. ವೇದಿಕೆಯ ಮೇಲೆ ಮಗು ಮಾತು ಮುಗಿಸಿದರೆ ಚಪ್ಪಾಳೆ ತಟ್ಟುವುದು ನಮ್ಮವರ ಅಭ್ಯಾಸ. ಇಡೀ ಸಾಲು ಜೋರಾಗಿ ತಟ್ಟಿತು. ಉಳಿದ ಸಭೆ ತೆಪ್ಪಗೆ ಕೂತು, ತಿರುಗಿ ನಮ್ಮನ್ನೇ ನೋಡಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ವಾಪಸ್ ಬರುವಾಗ ಗಂಡನ ಫೋನು ಒಂದೇ ಸಮ ಟಿಣ್ ಎನ್ನುತ್ತಿತ್ತು. ಅವರು ತೆಗೆದ ವಿಡಿಯೋ ಆಗಲೇ ಮೈಸೂರು ಮುಟ್ಟಿತ್ತು. "ನಾನು ಡ್ರೈವ್ ಮಾಡ್ತಿದೀನಿ, ಏನಂತಾರೆ ಓದೇ," ಎಂದರು. ಭೇಷ್, ನಮ್ಮ ಕೂಸು, ದೃಷ್ಟಿ ತೆಗೀರಿ. ಒಂದೊಂದಾಗಿ ಓದಿದೆ.

ಹಿಂದಿನ ಸೀಟಿನಿಂದ ಮಗಳು ಅಪರೂಪಕ್ಕೆ ಕನ್ನಡ ಬೆರೆಸಿ ಮಾತಾಡಿದಳು. "ನಾನ್ ನೋ ಅಂದಿದ್ದು ಯಾವ್ದಕ್ಕೆ ಅಂತ, ಡಿಡ್ ಎನಿವನ್ ಆಸ್ಕ್?"

ಬಂದ ಮೆಸೇಜುಗಳನ್ನು ಮೇಲಿನಿಂದ ಕೆಳಗಿನವರೆಗೂ ಇನ್ನೊಮ್ಮೆ ನೋಡಿದೆ.

"ಇಲ್ಲ ಪುಟ್ಟಿ," ಎಂದೆ.

ಆಮೇಲೆ ಯಾವ ವೇದಿಕೆ ಹತ್ತಿದರೂ ಅವಳು ನಮ್ಮನ್ನು ಕರೆಯಲಿಲ್ಲ.